ಏಳೂವರೆ ಲಕ್ಷದವರೆಗೆ ರಾಜ: ನಾಲ್ಕು ಆಟ ದಾಟಿದ ಒಬ್ಬ ಎಲ್ಫ್‌ನ ಪ್ರಕರಣ

ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ಸಾಹಸದ ಕಥೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಹಳೇ ಪುಸ್ತಕಗಳಲ್ಲಿ ಎಲ್ಲರೂ ಜಗಳ ಆಡಿದ ನಿಯಮ ಒಂದಿತ್ತು. ಎಲ್ಫ್ ಆಗಿ ಹುಟ್ಟಿದ ಪಾತ್ರ ಎಷ್ಟೇ ಸಾಹಸ ಮಾಡಲಿ, ಯೋಧನಾಗಿ 7ನೇ ಲೆವೆಲ್ ದಾಟುವಂತಿಲ್ಲ, ಮಾಂತ್ರಿಕನಾಗಿ 11 ದಾಟುವಂತಿಲ್ಲ. ಡ್ವಾರ್ಫ್ ಅಂತೂ ಮಾಂತ್ರಿಕ ಆಗುವ ಮಾತೇ ಇಲ್ಲ. ಮನುಷ್ಯರಿಗೆ ಮಾತ್ರ ಈ ತಡೆಗಳು ಯಾವುವೂ ಇಲ್ಲ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ರೇಸ್ ಅಂದರೆ ಪಾತ್ರದ ಹುಟ್ಟು: ಮನುಷ್ಯ, ಎಲ್ಫ್ (ನೂರಾರು ವರ್ಷ ಬದುಕುವ ಕಥೆಯ ಜನ), ಡ್ವಾರ್ಫ್ (ಗಟ್ಟಿಮುಟ್ಟಾದ ಕುಳ್ಳರು), ಹಾಫ್ಲಿಂಗ್ (ಇನ್ನೂ ಪುಟ್ಟ ಜನ). ಕ್ಲಾಸ್ ಅಂದರೆ ಕಸುಬು: ಯೋಧ, ಮಾಂತ್ರಿಕ, ಪೂಜಾರಿ, ಕಳ್ಳ. ಸಾಹಸ ಮಾಡಿದಷ್ಟೂ ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಸಿಗುತ್ತದೆ, ಎಕ್ಸ್‌ಪಿ ಕೂಡಿದಂತೆ ಲೆವೆಲ್ ಏರುತ್ತದೆ.

ಹುಟ್ಟು ನೋಡಿ ಕಸುಬು ಹೇಳುವ ಪಟ್ಟಿ ಅಂದ ಕೂಡಲೇ ನಮ್ಮ ಕಡೆಯ ಓದುಗರಿಗೆ ಬೇರೆ ಏನೋ ನೆನಪಾಗಿ ಕಸಿವಿಸಿ ಆಗುತ್ತದೆ. ಆ ಕಸಿವಿಸಿ ಸುಮ್ನೆ ಬಂದದ್ದಲ್ಲ. ಆದರೆ ಈ ಪಟ್ಟಿಯಲ್ಲಿ ತಡೆ ಇರುವ ಎಲ್ಫ್‌ಗೇ ಶುರುವಿನಲ್ಲಿ ಸಿಗುವುದು ಜಾಸ್ತಿ. ಅದಕ್ಕೇ ಇದು ನ್ಯಾಯದ ಲೆಕ್ಕ ಎಂದು ಬರೆದವರು ಹೇಳುತ್ತಿದ್ದರು. ಆ ಲೆಕ್ಕ ಸರಿ ಇತ್ತಾ? ಅದನ್ನು ಒಂದೇ ಒಂದು ಪಾತ್ರವನ್ನು ಹಿಡಿದು ನೋಡೋಣ.

ಈ ಪ್ರಕರಣವೇ ಯಾಕೆ

ಮೇಜಿನ ಸುತ್ತ ಕೂತು ಆಡುವಾಗ ಆಟ ನಡೆಸಿ ತೀರ್ಪು ಹೇಳುವ ಡಂಜನ್ ಮಾಸ್ಟರ್ ಒಬ್ಬರು ಇರುತ್ತಾರೆ. ಅವರು ಗೆಳೆಯರೇ. ಆಟಗಾರ ಮುಖ ಸಪ್ಪೆ ಮಾಡಿಕೊಂಡರೆ ‘ಹೋಗಲಿ ಬಿಡು, ಎಂಟನೇ ಲೆವೆಲ್ ತಗೋ’ ಎನ್ನುತ್ತಾರೆ. ಹಾಗಾಗಿ ಮೇಜಿನ ಮೇಲೆ ಈ ನಿಯಮ ನಿಜವಾಗಿ ಏನು ಮಾಡುತ್ತಿತ್ತು ಎಂದು ತಿಳಿಯುವುದು ಕಷ್ಟ. ಬಹಳ ಕಡೆ ಅದನ್ನು ಓದಿ, ನಕ್ಕು, ಪಕ್ಕಕ್ಕೆ ಇಡುತ್ತಿದ್ದರು.

ಕಂಪ್ಯೂಟರಿಗೆ ಆ ದಾಕ್ಷಿಣ್ಯ ಇಲ್ಲ. ಆಟದ ಮಾಲೀಕ ಕಂಪನಿ ಟಿಎಸ್‌ಆರ್‌ನಿಂದ ಲೈಸೆನ್ಸ್ ಪಡೆದು ಕ್ಯಾಲಿಫೋರ್ನಿಯಾದ ಎಸ್‌ಎಸ್‌ಐ ಕಂಪನಿ 1988ರಲ್ಲಿ ‘ಪೂಲ್ ಆಫ್ ರೇಡಿಯನ್ಸ್’ ಹೊರತಂದಿತು. ಅದರ ಬೆನ್ನಿಗೆ 1989ರಲ್ಲಿ ‘ಕರ್ಸ್ ಆಫ್ ದಿ ಅಜೂರ್ ಬಾಂಡ್ಸ್’, 1990ರಲ್ಲಿ ‘ಸೀಕ್ರೆಟ್ ಆಫ್ ದಿ ಸಿಲ್ವರ್ ಬ್ಲೇಡ್ಸ್’, 1991ರಲ್ಲಿ ‘ಪೂಲ್ಸ್ ಆಫ್ ಡಾರ್ಕ್‌ನೆಸ್’ ಬಂದವು. ಮೊದಲ ಆಟದಲ್ಲಿ ನೀವು ಕಟ್ಟಿದ ಆರು ಜನರ ತಂಡವನ್ನು ಕೊನೇ ಆಟದವರೆಗೂ ಒಯ್ಯಬಹುದಿತ್ತು. ಅಂದರೆ ಒಂದೇ ಪಾತ್ರದ ಪೂರ್ತಿ ಬದುಕು, ಪುಸ್ತಕದ ಈ ಮಿತಿಗಳನ್ನು ಸಡಿಲಿಸದ ಯಂತ್ರದ ಕೈಯಲ್ಲಿ. ಇಂಥ ಪ್ರಯೋಗ ಮೇಜಿನ ಮೇಲೆ ಮಾಡಲು ವರ್ಷಗಟ್ಟಲೆ ಬೇಕು.

ಈ ಆಟಗಳು ಆಧರಿಸಿದ್ದು ‘ಅಡ್ವಾನ್ಸ್‌ಡ್’ ಎಂಬ ಹೆಸರಿನ ಮೊದಲ ಆವೃತ್ತಿಯನ್ನು. ಆಟಗಾರರ ಪುಸ್ತಕ 1978ರದು, ಬರೆದವರು ಗ್ಯಾರಿ ಗೈಗ್ಯಾಕ್ಸ್. ಕೆಳಗಿನ ಲೆಕ್ಕವೆಲ್ಲ ಆ ಪುಸ್ತಕದ ಎಕ್ಸ್‌ಪಿ ಪಟ್ಟಿಯದೇ.

ಪಾತ್ರ

ನಮ್ಮ ಎಲ್ಫ್ ಒಂದೇ ಸಲಕ್ಕೆ ಎರಡು ಕಸುಬಿನವನು. ಯೋಧನೂ ಹೌದು, ಮಾಂತ್ರಿಕನೂ ಹೌದು. ಹೀಗೆ ಜೊತೆಜೊತೆಗೆ ಎರಡು ಕಸುಬು ಮಾಡುವ ಅವಕಾಶ ಮನುಷ್ಯರಿಗೆ ಇರಲಿಲ್ಲ, ಮಿಕ್ಕವರಿಗೆ ಮಾತ್ರ ಇತ್ತು. ಸಿಕ್ಕ ಎಕ್ಸ್‌ಪಿ ಎರಡು ಕಡೆಗೂ ಸಮ ಹಂಚಿಕೆ. ಜೀವಬಲದ ಅಂಕ ಎರಡೂ ಕಸುಬಿನ ಸರಾಸರಿ. ಅಷ್ಟು ಬಿಟ್ಟರೆ ಉಳಿದದ್ದೆಲ್ಲ ಲಾಭವೇ: ಕವಚ ತೊಟ್ಟುಕೊಂಡೇ ಮಂತ್ರ ಹಾಕಬಹುದು, ಕತ್ತಿ ಬಿಲ್ಲು ಹಿಡಿದರೆ ಗುರಿ ಇನ್ನಷ್ಟು ಚೆನ್ನ, ಕತ್ತಲಲ್ಲಿ 60 ಅಡಿ ದೂರದವರೆಗೆ ಕಣ್ಣು ಕಾಣುತ್ತದೆ, ನಿದ್ರೆ ಮತ್ತು ವಶೀಕರಣದ ಮಂತ್ರಗಳು ನೂರಕ್ಕೆ 90 ಸಲ ತಾಗುವುದೇ ಇಲ್ಲ.

ಬಲ 18, ಬುದ್ಧಿ 18 ಎಂದಿಟ್ಟುಕೊಳ್ಳೋಣ, ಅಂದರೆ ಮೂರು ದಾಳ ಉರುಳಿಸಿದರೆ ಬರಬಹುದಾದ ಅತಿ ಹೆಚ್ಚಿನ ಅಂಕ. ಇದು ಅತಿಯಾಯಿತು ಎನ್ನಬೇಡಿ. ಮೇಜಿನ ಮೇಲೆ ಆಡುತ್ತಿದ್ದ ನಿಮ್ಮ ಪಾತ್ರವನ್ನೇ ಇಲ್ಲಿ ಮೂಡಿಸಲಿ ಎಂದು ‘ಪೂಲ್ ಆಫ್ ರೇಡಿಯನ್ಸ್’ ಅಂಕಗಳನ್ನು ಕೈಯಾರೆ ಬದಲಿಸಲು ಬಿಡುತ್ತಿತ್ತು. ಜನ ಏನು ಮಾಡುತ್ತಿದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಈ 18 ಮುಖ್ಯ. ಎಲ್ಫ್ ಯೋಧ 7ರವರೆಗೆ ಹೋಗಬೇಕಾದರೆ ಬಲ 18 ಬೇಕು. 17 ಇದ್ದರೆ 6ಕ್ಕೆ, ಅದಕ್ಕಿಂತ ಕಡಿಮೆ ಇದ್ದರೆ 5ಕ್ಕೇ ನಿಲುಗಡೆ. ಬುದ್ಧಿಯ ಲೆಕ್ಕವೂ ಹೀಗೇ: 18 ಇದ್ದರೆ 11, 17 ಇದ್ದರೆ 10, ಇಲ್ಲವಾದರೆ 9. ಇಲ್ಲಿ ಒಂದು ವಿಷಯ ಸುಲಭವಾಗಿ ಕಣ್ಣು ತಪ್ಪಿಸುತ್ತದೆ. 1978ರ ಪುಸ್ತಕದಲ್ಲಿ ಹೆಣ್ಣು ಎಲ್ಫ್‌ನ ಬಲ 16 ದಾಟುವಂತಿರಲಿಲ್ಲ. ಹಾಗಾಗಿ ಅವಳು ಯೋಧಳಾದರೆ 5ನೇ ಲೆವೆಲ್‌ಗೇ ಮುಗಿಯಿತು. ಅವಳಿಗೆ ಹೀಗೆ ಹೇಳುವ ವಾಕ್ಯ ಪುಸ್ತಕದಲ್ಲಿ ಎಲ್ಲೂ ಇಲ್ಲ. ಎರಡು ಬೇರೆ ಬೇರೆ ಪಟ್ಟಿಗಳು ಸೇರಿ ಆ ತೀರ್ಪು ಕೊಟ್ಟವು. ಹೆಣ್ಣು-ಗಂಡಿನ ಬಲದ ಭೇದವನ್ನು 1989ರ ಎರಡನೇ ಆವೃತ್ತಿ ತೆಗೆದುಹಾಕಿತು. ನಮ್ಮ ಪಾತ್ರ ಗಂಡು ಎಲ್ಫ್, ಅಂದರೆ ಆ ಪುಸ್ತಕ ಎಲ್ಫ್‌ಗೆ ಕೊಡಬಹುದಾದ ಅತಿ ಉದಾರ ಭಾಗ್ಯ ಪಡೆದವನು.

ಪಕ್ಕದಲ್ಲಿ ಹೋಲಿಸಲು ಇಬ್ಬರು ಮನುಷ್ಯರು ಇರಲಿ. ಒಬ್ಬ ಬರೀ ಯೋಧ, ಇನ್ನೊಬ್ಬಳು ಬರೀ ಮಾಂತ್ರಿಕಳು.

ಮೊದಲ ಆಟ: ಎಲ್ಫ್‌ನ ದಿಬ್ಬಣ

‘ಪೂಲ್ ಆಫ್ ರೇಡಿಯನ್ಸ್’ ನಡೆಯುವುದು ಫ್ಲ್ಯಾನ್ ಎಂಬ ಪಾಳುಬಿದ್ದ ಊರಲ್ಲಿ. ಅಲ್ಲಿ ಎಲ್ಲರಿಗೂ ಸೇರಿ ಒಂದು ಮೇಲ್ಮಿತಿ ಇದೆ: ಯೋಧರಿಗೆ 8, ಮಾಂತ್ರಿಕರಿಗೆ 6.

ಮನುಷ್ಯ ಯೋಧ 1,25,001 ಎಕ್ಸ್‌ಪಿಗೆ 8 ಮುಟ್ಟುತ್ತಾನೆ, ಅಲ್ಲಿಗೆ ನಿಲ್ಲುತ್ತಾನೆ. ಮಾಂತ್ರಿಕಳು 40,001ಕ್ಕೆ 6 ಮುಟ್ಟಿ ನಿಲ್ಲುತ್ತಾಳೆ. ಎಲ್ಫ್ ಒಟ್ಟು 1,40,002 ಗಳಿಸಿದರೆ ಒಂದೊಂದು ಕಡೆಗೆ 70,001 ಬೀಳುತ್ತದೆ. ಯೋಧನಾಗಿ 7, ಮಾಂತ್ರಿಕನಾಗಿ 6. ಅಂದರೆ ಮನುಷ್ಯ ಯೋಧನಿಗಿಂತ ಒಂದೇ ಒಂದು ಲೆವೆಲ್ ಕಡಿಮೆ, ಮಾಂತ್ರಿಕಳಿಗೆ ಸರಿಸಮ, ಮತ್ತು ಇಬ್ಬರ ಕೆಲಸವನ್ನೂ ಒಬ್ಬನೇ ಮಾಡುತ್ತಾನೆ. ಬೆಂಕಿಯುಂಡೆ ಎಸೆಯುತ್ತಾನೆ, ಉಳಿದವರನ್ನು ಕತ್ತಿಯಿಂದ ಮುಗಿಸುತ್ತಾನೆ.

ಈ ಹಂತದಲ್ಲಿ ಮನುಷ್ಯರನ್ನು ಆರಿಸಿದ ಆಟಗಾರ ಪೆದ್ದನಂತೆ ಕಾಣುತ್ತಾನೆ. ಆಟದ ಜೊತೆ ಬರುವ ಕೈಪಿಡಿಯಲ್ಲಿ ರೇಸ್ ಮಿತಿಗಳ ಪಟ್ಟಿ ಇದೆ ನಿಜ. ಆದರೆ ಆ ಮಿತಿ ಎಲ್ಲೂ ಚುಚ್ಚುವುದಿಲ್ಲ. 7ಕ್ಕೂ 8ಕ್ಕೂ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಎರಡು ಮತ್ತು ಮೂರು: ಸದ್ದಿಲ್ಲದ ಸೋರಿಕೆ

ಎರಡನೇ ಆಟದಲ್ಲಿ ಮೇಲ್ಮಿತಿ ಹತ್ತು-ಹನ್ನೆರಡರ ಸುತ್ತಮುತ್ತ. ಎಲ್ಫ್‌ನ ಯೋಧ ಅರ್ಧ 7ರಲ್ಲೇ ಕೂತಿದೆ, ಮಾಂತ್ರಿಕ ಅರ್ಧ ಏರುತ್ತಿದೆ. ಇನ್ನೂ ಕೆಲಸಕ್ಕೆ ಬರುತ್ತಾನೆ. ಇಲ್ಲಿ ಪುಸ್ತಕದ ಇನ್ನೊಂದು ವಾಕ್ಯ ತನ್ನ ಕೆಲಸ ಶುರು ಮಾಡುತ್ತದೆ: ಒಂದು ಕಸುಬು ಮಿತಿ ಮುಟ್ಟಿ ನಿಂತರೂ ಎಕ್ಸ್‌ಪಿ ಹಂಚಿಕೆ ನಿಲ್ಲುವುದಿಲ್ಲ. ಅರ್ಧ ಪಾಲು ಆ ನಿಂತ ಕಸುಬಿಗೇ ಹೋಗುತ್ತಲೇ ಇರುತ್ತದೆ.

ಈಗ ಏಳೂವರೆ ಲಕ್ಷದ ಲೆಕ್ಕ ನೋಡಿ. ಮೂವರೂ 7,50,002 ಎಕ್ಸ್‌ಪಿ ಗಳಿಸಿದ್ದಾರೆ ಎಂದುಕೊಳ್ಳಿ. ಪುಸ್ತಕದ ಪ್ರಕಾರ ಮನುಷ್ಯ ಯೋಧ ಆಗಷ್ಟೇ 11ಕ್ಕೆ ಕಾಲಿಟ್ಟಿದ್ದಾನೆ. ಮಾಂತ್ರಿಕಳು ಆಗಷ್ಟೇ 12ಕ್ಕೆ ಬಂದಿದ್ದಾಳೆ. ಎಲ್ಫ್ ಪಾಲಿಗೆ ಒಂದೊಂದು ಕಡೆ 3,75,001. ಮಾಂತ್ರಿಕನಾಗಿ 11, ಯೋಧನಾಗಿ 7. ಯೋಧನ ಪಾಲಿನಲ್ಲಿ 3,05,000 ಸುಮ್ನೆ ಚರಂಡಿಗೆ ಹೋಗಿದೆ.

ಹಾಗಿದ್ದೂ ಎಲ್ಫ್ ಸೋತಿದ್ದಾನಾ? ಇಲ್ಲ! ಮಂತ್ರದಲ್ಲಿ ಮಾಂತ್ರಿಕಳಿಗಿಂತ ಒಂದೇ ಲೆವೆಲ್ ಹಿಂದೆ, ಮೇಲಿಂದ ಏಳು ಲೆವೆಲ್‌ನ ಕತ್ತಿ. ಏಳೂವರೆ ಲಕ್ಷದವರೆಗೂ ಅವನು ಒಳ್ಳೇ ಆಯ್ಕೆಯೇ. ಅದರ ಮುಂದಿನ ಎಕ್ಸ್‌ಪಿಯಿಂದ ಅವನಿಗೆ ಸಿಗುವುದು ಸೊನ್ನೆ. ಕಡಿಮೆ ಅಲ್ಲ, ನಿಧಾನವೂ ಅಲ್ಲ, ಸೊನ್ನೆ.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ. ತೂಕ ಸರಿದೂಗಿಸುವ ನಿಯಮ ಎಂದರೆ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಭಾರ ಹೊರಿಸಬೇಕು. ಇದು ಹಾಗಲ್ಲ. ದಾರಿಯುದ್ದಕ್ಕೂ ಹೂವು ಹಾಸಿ, ಕೊನೆಗೆ ಗೋಡೆ ಕಟ್ಟಿದ ನಿಯಮ.

ಮೂರನೇ ಆಟದಲ್ಲಿ ಮಿತಿ ಸುಮಾರು 15ಕ್ಕೆ ಏರುತ್ತದೆ. ಆ ಗೋಡೆ ಅಲ್ಲೇ ಎದುರಾಗುತ್ತದೆ.

ನಾಲ್ಕನೇ ಆಟ: 40ರ ಎದುರು 7

‘ಪೂಲ್ಸ್ ಆಫ್ ಡಾರ್ಕ್‌ನೆಸ್’ ಮನುಷ್ಯರಿಗೆ 40ನೇ ಲೆವೆಲ್‌ವರೆಗೆ ದಾರಿ ಬಿಡುತ್ತದೆ. ಎದುರಾಳಿಗಳೂ ಆ ಅಳತೆಯವರೇ. ಇಲ್ಲಿ ನಮ್ಮ ಎಲ್ಫ್ 7 ಮತ್ತು 11.

ಪುಸ್ತಕದಲ್ಲಿ ಮಾಂತ್ರಿಕರಿಗೆ ಆರನೇ ದರ್ಜೆಯ ಮಂತ್ರ ಸಿಗುವುದು 12ನೇ ಲೆವೆಲ್‌ಗೆ. ಒಂಬತ್ತನೇ ದರ್ಜೆ ಸಿಗುವುದು 18ಕ್ಕೆ. ಎಲ್ಫ್ ನಿಂತಿರುವುದು 11ರಲ್ಲಿ, ಬಾಗಿಲಿಗೆ ಒಂದು ಮೆಟ್ಟಿಲು ಕೆಳಗೆ. ಯೋಧರಿಗೆ ಪ್ರತಿ ಸುತ್ತಿಗೆ ಎರಡು ಹೊಡೆತ ಸಿಗುವುದು 13ರಿಂದ. ಅದೂ ಅವನಿಗಿಲ್ಲ. ಎರಡು ಸುತ್ತಿಗೆ ಮೂರು ಹೊಡೆತ, ಜೀವನಪೂರ್ತಿ ಅಷ್ಟೇ. ಡ್ವಾರ್ಫ್ ಯೋಧನ ಗತಿಯೂ ಹೆಚ್ಚು ಬೇರೆ ಅಲ್ಲ, ಬಲ 18 ಇದ್ದರೂ 9ಕ್ಕೆ ಮುಗಿಯುತ್ತದೆ. ಕಳ್ಳತನದ ಕಸುಬಿಗೆ ಮಾತ್ರ ಹಾಫ್-ಆರ್ಕ್ ಎಂಬ ಒಂದು ರೇಸ್ ಬಿಟ್ಟರೆ ಯಾರಿಗೂ ಮಿತಿ ಇರಲಿಲ್ಲ. ಯಾಕೆ ಎಂದು ಕೇಳಿದರೆ ಲೋಕದ ಕಥೆಯೊಳಗಿಂದ ಒಂದು ಒಳ್ಳೇ ಉತ್ತರ ನನಗಂತೂ ಹೊಳೆಯುವುದಿಲ್ಲ.

ಇತ್ತ ಮನುಷ್ಯರಿಗೆ ಇನ್ನೊಂದು ದಾರಿ ಇತ್ತು. ಒಂದು ಕಸುಬನ್ನು ಅರ್ಧಕ್ಕೆ ಬಿಟ್ಟು ಇನ್ನೊಂದನ್ನು ಮೊದಲಿನಿಂದ ಶುರು ಮಾಡಬಹುದು. ಹಳೇ ಕಸುಬಿನ ಮುಖ್ಯ ಅಂಕ 15, ಹೊಸದರದು 17 ಇರಬೇಕು. ಹೊಸ ಲೆವೆಲ್ ಹಳೆಯದನ್ನು ದಾಟುವವರೆಗೆ ಒದ್ದಾಟ, ಆಮೇಲೆ ಎರಡೂ ಕೈಗೆ ಬರುತ್ತವೆ. ಯೋಧನಾಗಿ ಏಳೆಂಟು ಲೆವೆಲ್ ಮುಗಿಸಿ ಮಾಂತ್ರಿಕನಾದ ಮನುಷ್ಯ ನಾಲ್ಕನೇ ಆಟದಲ್ಲಿ ಎಲ್ಫ್ ಮಾಡುವುದನ್ನು ಬಹುತೇಕ ಮಾಡಿ, ಅದರ ಮೇಲೆ ಇನ್ನೂ ಇಪ್ಪತ್ತು-ಮೂವತ್ತು ಲೆವೆಲ್ ಏರುತ್ತಾನೆ.

ಈ ಸರಣಿ ಆಡಿದವರು ಹೊಸಬರಿಗೆ ಇವತ್ತಿಗೂ ಕೊಡುವ ಸಲಹೆ ಒಂದೇ: ನಾಲ್ಕೂ ಆಟ ಮುಗಿಸುವ ಮನಸ್ಸಿದ್ದರೆ ತಂಡದ ತುಂಬ ಮನುಷ್ಯರನ್ನೇ ಹಾಕು. ಮೊದಲ ಆಟ ಮಾತ್ರ ಆಡುವುದಾದರೆ ಎಲ್ಫ್, ಹಾಫ್-ಎಲ್ಫ್ ಯಾರಾದರೂ ಸರಿ. ಒಂದೇ ನಿಯಮದಿಂದ ಎರಡು ತದ್ವಿರುದ್ಧ ಸಲಹೆ. ಎರಡೂ ಸರಿ.

ಬರೆದವರಿಗೆ ಏನು ಬೇಕಿತ್ತು

ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ ಪುಸ್ತಕದಲ್ಲಿ ತಮ್ಮ ವಾದ ಮುಚ್ಚುಮರೆಯಿಲ್ಲದೆ ಇಟ್ಟರು. ಆಟದ ಲೋಕದ ನಡುವೆ ಮನುಷ್ಯರೇ ಇರಬೇಕು. ನಮಗೆಲ್ಲರಿಗೂ ಗೊತ್ತಿರುವುದು ಮನುಷ್ಯರ ಬದುಕು, ಅದರ ಮೇಲೆಯೇ ನಂಬುವಂಥ ಲೋಕ ಕಟ್ಟಲು ಸಾಧ್ಯ ಎಂಬುದು ಅವರ ಮಾತಿನ ತಿರುಳು. 1989ರ ಎರಡನೇ ಆವೃತ್ತಿ ಇನ್ನೊಂದು ಕಾರಣವನ್ನೂ ಕೊಟ್ಟಿತು: ನೂರಾರು ವರ್ಷ ಬದುಕುವ ಎಲ್ಫ್‌ಗಳಿಗೆ ಮಿತಿಯೇ ಇಲ್ಲದಿದ್ದರೆ ಲೋಕವೆಲ್ಲ ಅವರ ಕೈಗೆ ಹೋಗುತ್ತದೆ, ಮನುಷ್ಯರಿಗೆ ಜಾಗವೇ ಉಳಿಯುವುದಿಲ್ಲ.

ಈ ಕಾರಣ ಕೇಳಲು ಚೆನ್ನಾಗಿದೆ. ಆದರೆ ಇದು ಲೋಕದ ಬಗೆಗಿನ ಕಾರಣ, ಆಟಗಾರನ ಪಾತ್ರದ ಬಗೆಗಿನದಲ್ಲ. ಸಾಮಾನ್ಯ ಎಲ್ಫ್ ಏಳಕ್ಕೆ ನಿಲ್ಲುತ್ತಾನೆ ಎಂದರೆ ಒಪ್ಪೋಣ. ಆಟಗಾರನ ಪಾತ್ರ ಸಾಮಾನ್ಯ ಅಲ್ಲವಲ್ಲ. ಅದಕ್ಕೇ ಅಲ್ಲವೇ ಅವನ ಕಥೆ ಆಡುತ್ತಿರುವುದು?

ಇನ್ನೂ ತಮಾಷೆ ಎಂದರೆ 1974ರ ಮೊದಲ ಪುಟ್ಟ ಪುಸ್ತಕಗಳು ಎರಡೂ ಮಾತು ಆಡುತ್ತವೆ. ಡ್ವಾರ್ಫ್ ಯೋಧನೇ ಆಗಬೇಕು, 6ನೇ ಲೆವೆಲ್‌ಗೆ ನಿಲ್ಲಬೇಕು ಎಂದು ಒಂದು ಕಡೆ. ಅದೇ ಪುಸ್ತಕದಲ್ಲಿ, ಆಟಗಾರ ಡ್ರ್ಯಾಗನ್ ಆಗಿಯೇ ಆಡಬೇಕೆಂದರೂ ಆಡಲಿ, ಆದರೆ ಮರಿಯಾಗಿ ಶುರು ಮಾಡಿ ಬೆಳೆಯಲಿ ಎಂದು ಇನ್ನೊಂದು ಕಡೆ. ಡ್ರ್ಯಾಗನ್‌ಗೆ ಸಿಕ್ಕ ಉದಾರತೆ ಡ್ವಾರ್ಫ್‌ಗೆ ಸಿಗಲಿಲ್ಲ.

ಮೇಜಿನ ಮೇಲೆ ಈ ನಿಯಮ ಇಷ್ಟು ಕಾಲ ಬಾಳಿದ್ದು ಹೇಗೆ? ಮೊದಲ ತಿಂಗಳೇ ಚೀಟಿ ಎತ್ತಿದವನನ್ನು ನೆನಪಿಸಿಕೊಳ್ಳಿ. ಹಣ ಇವತ್ತು ಕೈಗೆ ಬರುತ್ತದೆ, ಕಂತು ಆಮೇಲೆ. ಚೀಟಿ ನಡುವೆಯೇ ಮುರಿದುಬಿದ್ದರೆ ಅವನಿಗೆ ಪೂರ್ತಿ ಲಾಭ. ಎಲ್ಫ್ ಆಟಗಾರ ಹೀಗೇ. ಒಬ್ಬನಿಗೆ ವರ್ಗ ಆಗುತ್ತದೆ, ಇನ್ನೊಬ್ಬಳಿಗೆ ಮದುವೆ, ಮತ್ತೊಬ್ಬರಿಗೆ ಪರೀಕ್ಷೆ. ಬಹಳಷ್ಟು ತಂಡಗಳು ಏಳೂವರೆ ಲಕ್ಷ ಎಕ್ಸ್‌ಪಿ ಕಾಣುವ ಮೊದಲೇ ಚದುರಿಹೋಗುತ್ತವೆ. ಬೆಲೆ ಕಟ್ಟುವ ದಿನ ಬರುವುದೇ ಇಲ್ಲ. ಬಂದರೂ ಡಂಜನ್ ಮಾಸ್ಟರ್ ಕರುಣೆ ತೋರುತ್ತಾರೆ. ಎರಡನೇ ಆವೃತ್ತಿ ಆ ಕರುಣೆಯನ್ನು ಪುಸ್ತಕದಲ್ಲೇ ಬರೆದಿಟ್ಟಿತು: ಎಲ್ಫ್ ಯೋಧನ ಮಿತಿ 12ಕ್ಕೆ, ಮಾಂತ್ರಿಕನದು 15ಕ್ಕೆ ಏರಿತು. ಅಂಕ ಚೆನ್ನಾಗಿದ್ದವರು ಇನ್ನಷ್ಟು ದಾಟಬಹುದು, ಇಲ್ಲವೇ ಮಿತಿಯ ನಂತರ ಜಾಸ್ತಿ ಎಕ್ಸ್‌ಪಿ ತೆತ್ತು ನಿಧಾನವಾಗಿ ಏರಬಹುದು ಎಂಬ ಐಚ್ಛಿಕ ನಿಯಮಗಳೂ ಬಂದವು.

ಕಂಪ್ಯೂಟರ್ ಆಟದಲ್ಲಿ ಮಾತ್ರ ತಂಡ ಚದುರಲಿಲ್ಲ, ಕರುಣೆಯೂ ಸಿಗಲಿಲ್ಲ. ಬಾಕಿ ಪೂರ್ತಿ ವಸೂಲಾಯಿತು. ಅದೂ ಹೇಗೆ? ಮೊದಲ ಆಟದಲ್ಲಿ ಮಾಡಿದ ಆಯ್ಕೆಗೆ, ಮೂರು ಆಟ ದಾಟಿ ಬಂದ ಮೇಲೆ. ಆಟಗಾರ ಮೂರು ಆಟ ಜೊತೆಗಿದ್ದ ಪಾತ್ರವನ್ನು ಕೈಬಿಟ್ಟು ಹೊಸಬರನ್ನು ಸೇರಿಸಬೇಕು. ತೂಕದ ಮಾತು ಆಮೇಲೆ, ಇದು ಮನಸ್ಸಿಗೇ ಬೇಜಾರು.

ಕಸುಬಿನ ತಡೆ ಬೇರೆ ವಿಷಯ

ಲೆವೆಲ್ ಮಿತಿ, ಕಸುಬಿನ ತಡೆ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಜಗಳ ಆಡುವುದು ರೂಢಿ. ನನಗೆ ಅದು ಸರಿ ಕಾಣುವುದಿಲ್ಲ.

ಡ್ವಾರ್ಫ್ ಮಾಂತ್ರಿಕ ಆಗುವಂತಿಲ್ಲ ಎಂಬ ನಿಯಮ ಆಟದ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಬೆಲೆ ಅಲ್ಲೇ ಕಟ್ಟುತ್ತೀರಿ. ಅದಕ್ಕೆ ಲೋಕದೊಳಗೆ ಒಂದು ಕಾರಣವೂ ಇದೆ: ಡ್ವಾರ್ಫ್‌ಗಳ ಮೈಗೇ ಮಂತ್ರ ಒಗ್ಗುವುದಿಲ್ಲ. ಅದಕ್ಕೇ ಬೇರೆಯವರ ಮಂತ್ರ ಅವರಿಗೆ ಸುಲಭವಾಗಿ ತಾಗುವುದಿಲ್ಲ. ಎರಡನೇ ಆವೃತ್ತಿಯಲ್ಲಿ ಅವರ ಕೈಯಲ್ಲಿ ಹಲವು ಮಾಯಾ ವಸ್ತುಗಳು ನೂರಕ್ಕೆ 20 ಸಲ ಕೈಕೊಡುತ್ತಿದ್ದವು. ಕೊಡುವುದು, ಕಿತ್ತುಕೊಳ್ಳುವುದು ಎರಡೂ ಒಂದೇ ಮೂಲದಿಂದ ಬಂದರೆ ಆಟಗಾರ ಗೊಣಗಿದರೂ ಒಪ್ಪುತ್ತಾನೆ. ಎಲ್ಫ್ 11ಕ್ಕೆ ಯಾಕೆ ನಿಲ್ಲಬೇಕು ಎಂಬುದಕ್ಕೆ ಹೀಗೆ ಅವನ ಮೈಯಲ್ಲೋ ಮನಸ್ಸಲ್ಲೋ ಏನೂ ಕಾರಣ ಇಲ್ಲ. ಮುನ್ನೂರು ವರ್ಷದ ಓದಿಗೆ 11, ಮನುಷ್ಯನ ಮೂವತ್ತು ವರ್ಷದ ಓದಿಗೆ 18?

ಮುಂದಿನ ಪೀಳಿಗೆಯ ಆಟ ಕಟ್ಟಿದವರಿಗೂ ಈ ವ್ಯತ್ಯಾಸ ಗೊತ್ತಿದ್ದಂತಿದೆ. ಕೆನಡಾದ ಬಯೋವೇರ್ ಎರಡನೇ ಆವೃತ್ತಿಯ ಮೇಲೆ 1998ರಲ್ಲಿ ‘ಬಾಲ್ಡರ್ಸ್ ಗೇಟ್’, 2000ದಲ್ಲಿ ಅದರ ಎರಡನೇ ಭಾಗ ಕಟ್ಟಿತು. ಅದರಲ್ಲಿ ಡ್ವಾರ್ಫ್ ಮಾಂತ್ರಿಕ ಆಗುವಂತಿಲ್ಲ, ಪಾಲಡಿನ್, ಅಂದರೆ ಧರ್ಮಯೋಧ, ಆಗಲು ಮನುಷ್ಯನೇ ಆಗಿರಬೇಕು. ಕಸುಬಿನ ತಡೆಗಳು ಹಾಗೇ ಉಳಿದವು. ರೇಸ್ ನೋಡಿ ಲೆವೆಲ್ ನಿಲ್ಲಿಸುವ ಮಿತಿಯನ್ನು ಮಾತ್ರ ಎರಡನೇ ಭಾಗ ತಣ್ಣಗೆ ಕೈಬಿಟ್ಟಿತು.

ಹಳೇ ನಿಯಮಗಳಲ್ಲೇ ಆಡುವ ಇಷ್ಟ ಇದ್ದವರು ಈ ಎಲ್ಫ್ ಪ್ರಕರಣದಿಂದ ಒಂದು ಕೆಲಸ ಮಾಡಬಹುದು: ಎಲ್ಫ್‌ನನ್ನು ಕೊನೆಯಲ್ಲಿ ತಡೆಯುವ ಬದಲು ಮನುಷ್ಯರಿಗೆ ಮೊದಲ ದಿನವೇ ಏನಾದರೂ ಕೊಡಿ. 2019ರ ‘ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್’ ಬಳಗದ ಪುಸ್ತಕಗಳಲ್ಲಿ ಐಚ್ಛಿಕವಾಗಿ ಮಾಡಿದ್ದು ಇದನ್ನೇ. ಮಿತಿ ತೆಗೆಯುವುದಾದರೆ, ಮನುಷ್ಯರು ಜೀವಬಲದ ದಾಳವನ್ನು ಎರಡು ಸಲ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು ಎಂಬಂಥ ಸಣ್ಣ ಅನುಕೂಲಗಳು.

ಗೋಡೆ ಬಿದ್ದ ಮೇಲೆ

ಟಿಎಸ್‌ಆರ್ ಕಂಪನಿಯನ್ನು 1997ರಲ್ಲಿ ಕೊಂಡ ವಿಝರ್ಡ್ಸ್ ಆಫ್ ದಿ ಕೋಸ್ಟ್ 2000ದಲ್ಲಿ ಮೂರನೇ ಆವೃತ್ತಿ ತಂದಿತು. ಲೆವೆಲ್ ಮಿತಿಯೂ ಹೋಯಿತು, ಕಸುಬಿನ ತಡೆಯೂ ಹೋಯಿತು. ಡ್ವಾರ್ಫ್ ಮಾಂತ್ರಿಕ ಬಂದೇಬಿಟ್ಟ. ಉಳಿದದ್ದು ಒಂದು ಸಣ್ಣ ಒತ್ತಡ: ಪ್ರತಿ ರೇಸ್‌ಗೂ ಒಂದು ನೆಚ್ಚಿನ ಕ್ಲಾಸ್, ಅದನ್ನು ಬಿಟ್ಟು ಬೇರೆ ಬೇರೆ ಕ್ಲಾಸ್‌ಗಳನ್ನು ಏರುಪೇರಾಗಿ ಬೆಳೆಸಿದರೆ ಎಕ್ಸ್‌ಪಿಯಲ್ಲಿ 20 ಶೇಕಡಾ ಕಡಿತ. ಎಲ್ಫ್‌ನ ನೆಚ್ಚಿನ ಕ್ಲಾಸ್ ಮಾಂತ್ರಿಕನದೇ. ಹಾಗಾಗಿ ನಮ್ಮ ಪಾತ್ರಕ್ಕೆ ಕಡಿತವೂ ಇಲ್ಲ.

ಹಾಗಾದರೆ ಅವನ ಕಷ್ಟ ತೀರಿತಾ? ಹೊಸ ಲೆಕ್ಕದಲ್ಲಿ ಎರಡು ಕಸುಬಿನ ಲೆವೆಲ್‌ಗಳನ್ನು ಕೂಡಿಸುತ್ತಾರೆ. ಯೋಧನಾಗಿ 5, ಮಾಂತ್ರಿಕನಾಗಿ 5 ಇದ್ದವನು ಒಟ್ಟು 10ನೇ ಲೆವೆಲ್‌ನವನು. ಪಕ್ಕದಲ್ಲಿ ಬರೀ ಮಾಂತ್ರಿಕಳಾಗಿ 10 ಮುಟ್ಟಿದವಳು ಐದನೇ ದರ್ಜೆಯ ಮಂತ್ರ ಹಾಕುತ್ತಿದ್ದರೆ ಇವನು ಮೂರನೇ ದರ್ಜೆಯಲ್ಲೇ ಇದ್ದಾನೆ. ಕವಚ ತೊಟ್ಟು ಮಂತ್ರ ಹಾಕುವ ಹಳೇ ಸುಖವೂ ಹೋಯಿತು. ಸರಪಳಿ ಕವಚ ತೊಟ್ಟರೆ ಮಂತ್ರ ನೂರಕ್ಕೆ 30 ಸಲ ಕೆಡುತ್ತದೆ, ಪೂರ್ತಿ ಉಕ್ಕಿನದಾದರೆ 35. ಹಿಂದೆ ಕೊನೆಯಲ್ಲಿ ಒಟ್ಟಿಗೆ ಕಟ್ಟುತ್ತಿದ್ದ ಬೆಲೆಯನ್ನು ಈಗ ಪ್ರತಿ ಲೆವೆಲ್‌ನಲ್ಲೂ, ಅದೂ ಎಲ್ಲ ರೇಸ್‌ನವರೂ ಕಟ್ಟಬೇಕಾಯಿತು. ಆಗ ಬಂದ ದೂರು ಮೊದಲಿನದಕ್ಕೆ ಉಲ್ಟಾ: ಯೋಧ-ಮಾಂತ್ರಿಕ ಶುರುವಿನಿಂದಲೇ ಸಪ್ಪೆ. 2003ರಲ್ಲಿ ನಿಯಮಗಳನ್ನು ತಿದ್ದಿ 3.5 ತಂದಾಗ ಡಂಜನ್ ಮಾಸ್ಟರ್ ಪುಸ್ತಕಕ್ಕೆ ‘ಎಲ್ಡ್ರಿಚ್ ನೈಟ್’ ಎಂಬ ಹೊಸ ಕ್ಲಾಸ್ ಸೇರಿಸಿದರು. ಕತ್ತಿ ಮತ್ತು ಮಂತ್ರ ಎರಡನ್ನೂ ಒಟ್ಟಿಗೆ ಬೆಳೆಸುವವರಿಗೆಂದೇ ಮಾಡಿದ್ದು ಅದು, ಮತ್ತು ಅದಕ್ಕೆ ಸೇರಲು ಯಾವ ರೇಸ್ ಎಂದು ಯಾರೂ ಕೇಳುತ್ತಿರಲಿಲ್ಲ.